ಪದ ಪರಿಚಯ: ಮರದ ತುದಿ ರೋಗ

ಎಲೆ ತಿನ್ನುವ ಹುಳುವೊಂದು ಗಿಡದ ತುತ್ತತುದಿಗೆ ಹತ್ತಿ, ಹಿಂಗಾಲುಗಳಿಂದ ಎಲೆಯನ್ನು ಬಿಗಿಯಾಗಿ ಹಿಡಿದು, ತಲೆಕೆಳಗಾಗಿ ನೇತಾಡುತ್ತಾ ಸಾಯುತ್ತದೆ. ಅದನ್ನು ಸುಮ್ನೆ ಮುಟ್ಟಿದರೂ ಸಾಕು, ಚರ್ಮ ಹರಿದು ಒಳಗಿದ್ದದ್ದೆಲ್ಲ ನೀರಾಗಿ ಸುರಿಯುತ್ತದೆ. 19ನೇ ಶತಮಾನದ ಕೊನೆಗೆ ಜರ್ಮನಿಯ ಕಾಡುಗಳಲ್ಲಿ ಇದನ್ನು ಕಂಡವರು 'ವಿಪ್ಫೆಲ್‌ಕ್ರಾಂಕ್‌ಹೈಟ್' ಎಂದು ಹೆಸರಿಟ್ಟರು. ಮರದ ತುದಿಯ ರೋಗ ಎಂದೇ ಅದರ ಅರ್ಥ.

ಇದರ ಹಿಂದಿರುವುದು ಬ್ಯಾಕುಲೋವೈರಸ್. ಲ್ಯಾಟಿನ್ನಿನಲ್ಲಿ 'ಬ್ಯಾಕುಲಮ್' ಅಂದರೆ ಕೋಲು. ಈ ವೈರಸ್ಸಿನ ಆಕಾರವೂ ಹಾಗೇ ಇದೆ. ಪ್ರೋಟೀನಿನ ಗಟ್ಟಿ ಹರಳುಗಳೊಳಗೆ ಹುದುಗಿ ಎಲೆಯ ಮೇಲೆ ಕಾದಿರುತ್ತದೆ. ಹುಳು ಎಲೆ ತಿಂದಾಗ ಅದರ ಹೊಟ್ಟೆಯ ಕ್ಷಾರಕ್ಕೆ ಹರಳು ಕರಗಿ ವೈರಸ್ ಹೊರಬರುತ್ತದೆ. ತುದಿಯಲ್ಲಿ ಸತ್ತ ಹುಳುವಿನ ರಸ ಕೆಳಗಿನ ಎಲೆಗಳ ಮೇಲೆ ತೊಟ್ಟಿಕ್ಕುತ್ತದೆ, ಆ ಎಲೆಗಳನ್ನು ಬೇರೆ ಹುಳುಗಳು ತಿನ್ನುತ್ತವೆ. ಹುಳು ಎಷ್ಟು ಎತ್ತರದಲ್ಲಿ ಸತ್ತರೆ ವೈರಸ್ಸಿಗೆ ಅಷ್ಟು ಲಾಭ, ಅಲ್ವಾ?

ಆದರೆ ಹುಳು ಹತ್ತುವುದು ಯಾಕೆ? ನನಗೆ ಈ ರೋಗದಲ್ಲಿ ಎಲ್ಲಕ್ಕಿಂತ ಬೆರಗು ಹುಟ್ಟಿಸಿದ್ದು ಇದರ ಉತ್ತರ. ಹುಳು ಬೆಳೆಯಬೇಕಾದರೆ ಪೊರೆ ಕಳಚಬೇಕು. ಅದಕ್ಕೆ ಅಪ್ಪಣೆ ಕೊಡುವುದು ಎಕ್ಡೈಸೋನ್ ಗುಂಪಿನ ಹಾರ್ಮೋನು. ಪೊರೆ ಬಿಡುವ ಹೊತ್ತಿಗೆ ಹುಳು ತಿನ್ನುವುದನ್ನು ನಿಲ್ಲಿಸಿ ಅಲ್ಲಾಡದೆ ಕೂರುತ್ತದೆ. ವೈರಸ್ಸಿನಲ್ಲಿ 'ಇಜಿಟಿ' ಎಂಬ ಜೀನ್ ಇದೆ. ಅದು ತಯಾರಿಸುವ ಕಿಣ್ವ ಈ ಹಾರ್ಮೋನಿಗೆ ಒಂದು ಸಕ್ಕರೆ ಅಣುವನ್ನು ಅಂಟಿಸುತ್ತದೆ. ಅಷ್ಟಕ್ಕೇ ಹಾರ್ಮೋನು ಕೆಲಸಕ್ಕೆ ಬಾರದಂತಾಗುತ್ತದೆ. ಪೊರೆ ಕಳಚುವುದು ನಿಲ್ಲುತ್ತದೆ, ಹುಳು ತಿನ್ನುತ್ತಲೇ ಇರುತ್ತದೆ, ಅದರ ಮೈಯಲ್ಲಿ ವೈರಸ್ ಇನ್ನೂ ಜಾಸ್ತಿ ಬೆಳೆಯುತ್ತದೆ. ಈ ಜೀನ್ ಪೊರೆ ಕಳಚುವುದನ್ನು ತಡೆಯುತ್ತದೆಂದು 1989ರಲ್ಲೇ ಗೊತ್ತಾಗಿತ್ತು.

2011ರಲ್ಲಿ ಸ್ಪಾಂಜಿ ಮಾತ್ ಎಂಬ ಪತಂಗದ ಹುಳುಗಳ ಮೇಲೆ ನಡೆದ ಪ್ರಯೋಗ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. ಆರೋಗ್ಯವಾಗಿರುವ ಈ ಹುಳು ರಾತ್ರಿ ಮೇಲೆ ಹತ್ತಿ ತಿನ್ನುತ್ತದೆ, ಹಗಲು ಹಕ್ಕಿಗಳ ಕಣ್ಣಿಗೆ ಬೀಳದಂತೆ ಕೆಳಗಿಳಿದು ಅಡಗುತ್ತದೆ. ಪ್ರಯೋಗಕ್ಕೆಂದು ಬಾಟಲಿಯಲ್ಲಿಟ್ಟ ಹುಳುಗಳಲ್ಲಿ ಸೋಂಕು ತಗುಲಿದವು ಬಾಟಲಿಯ ಮೇಲ್ಭಾಗದಲ್ಲಿ ಸತ್ತವು. ಇಜಿಟಿ ಜೀನ್ ತೆಗೆದ ವೈರಸ್ ಕೊಟ್ಟಾಗ ಹುಳುಗಳು ಸತ್ತವು ನಿಜ, ಆದರೆ ಕೆಳಗೇ ಸತ್ತವು. ಜೀನನ್ನು ಮತ್ತೆ ಸೇರಿಸಿದಾಗ ಹತ್ತುವ ನಡತೆಯೂ ಮರಳಿತು. ಬೆಳವಣಿಗೆ, ನಡತೆ ಎರಡರ ಹಗ್ಗವೂ ಒಂದೇ ಜೀನಿನ ಕೈಯಲ್ಲಿ!

ಎಲ್ಲ ಹುಳುಗಳಲ್ಲೂ ಕಥೆ ಇಷ್ಟೇ ಅಲ್ಲ. ಕೆಲವು ಜಾತಿಗಳಲ್ಲಿ ಬೆಳಕಿನ ಪಾತ್ರವೂ ಇದೆ. ಸೋಂಕಿನ ಹುಳು ಬೆಳಕಿನ ಕಡೆಗೆ ಹೋಗುತ್ತದೆ, ಕತ್ತಲಲ್ಲಿಟ್ಟರೆ ಹತ್ತುವುದಿಲ್ಲ.

ರೇಷ್ಮೆ ಸಾಕುವವರಿಗೆ ಇದೇ ಕುಟುಂಬದ ವೈರಸ್ಸಿನ ಪರಿಚಯ ಚೆನ್ನಾಗಿದೆ. ಅವರು ಹೇಳುವ ಹಾಲುತೊಂಡೆ ರೋಗ ಅದರಿಂದಲೇ ಬರುವುದು. ಜೊತೆಯ ಹುಳುಗಳು ಜ್ವರಕ್ಕೆ ಕೂತಾಗ, ಅಂದರೆ ಪೊರೆ ಬಿಡಲು ಸುಮ್ಮನಾದಾಗ, ರೋಗದ ಹುಳು ಮಾತ್ರ ತಟ್ಟೆಯ ಅಂಚಿನಲ್ಲಿ ಅಲೆಯುತ್ತಿರುತ್ತದೆ. ಮೈಯ ಗೆಣ್ಣುಗಳ ನಡುವೆ ಊದಿಕೊಂಡಿರುತ್ತದೆ. ಈ ಅಲೆದಾಟಕ್ಕೆ ವೈರಸ್ಸಿನ 'ಪಿಟಿಪಿ' ಎಂಬ ಬೇರೆಯೇ ಜೀನ್ ಬೇಕೆಂದು 2005ರಲ್ಲಿ ತಿಳಿಯಿತು. ಅಲೆಯುವಾಗ ಚರ್ಮ ಒಡೆದರೆ ಹಾಲಿನಂಥ ರಸ ಸೊಪ್ಪಿನ ಮೇಲೆ ಹರಡುತ್ತದೆ, ಅದರ ತುಂಬ ಅವೇ ಹರಳುಗಳು.