ಸರ್ವರ್ ಕೊಟ್ಟ ನೋಟ್‌ಬುಕ್ ಲಿಂಕ್ ನನ್ನ ಲ್ಯಾಪ್‌ಟಾಪ್‌ನಲ್ಲಿ ಯಾಕೆ ತೆರೆಯುವುದಿಲ್ಲ?

ಪ್ರಶ್ನೆ: ಎಸ್‌ಎಸ್‌ಎಚ್‌ನಲ್ಲಿ (ದೂರದ ಯಂತ್ರಕ್ಕೆ ಲಾಗಿನ್ ಆಗುವ ಕಮಾಂಡ್) ಕಾಲೇಜಿನ ಸರ್ವರ್‌ಗೆ ಲಾಗಿನ್ ಆಗಿ, ಬ್ರೌಸರ್‌ನಲ್ಲೇ ಕೋಡ್ ಬರೆದು ಓಡಿಸುವ ಜುಪಿಟರ್ ನೋಟ್‌ಬುಕ್ ಶುರು ಮಾಡಿದೆ. ‘ಲೋಕಲ್‌ಹೋಸ್ಟ್:8888’ ಎಂಬ ಲಿಂಕ್ ಬಂತು. ನನ್ನ ಬ್ರೌಸರ್‌ಗೆ ಹಾಕಿದರೆ ತೆರೆಯುತ್ತಿಲ್ಲ. ಏನು ತಪ್ಪಾಗಿದೆ?

ಉತ್ತರ: ನೀವೇನೂ ತಪ್ಪು ಮಾಡಿಲ್ಲ. ಲೋಕಲ್‌ಹೋಸ್ಟ್ ಅಂದರೆ ‘ಇದೇ ಯಂತ್ರ’ ಅಂತ. ‘ನಮ್ಮನೆ’ ಅಂದ ಹಾಗೆ, ಯಾರು ಹೇಳುತ್ತಾರೋ ಅವರ ಮನೆ. ಸರ್ವರ್ ತನ್ನನ್ನೇ ಹೇಳಿಕೊಂಡಿತು. ನಿಮ್ಮ ಬ್ರೌಸರ್ ಲ್ಯಾಪ್‌ಟಾಪಿನಲ್ಲಿ ಹುಡುಕಿತು. ಅಲ್ಲಿ ನೋಟ್‌ಬುಕ್ಕೇ ಇಲ್ಲ, ಅಲ್ವಾ?

ಲ್ಯಾಪ್‌ಟಾಪ್ ಮತ್ತು ಸರ್ವರ್ ನಡುವೆ ಒಂದು ಸುರಂಗ ಬೇಕು, ಅಂದರೆ ಎಸ್‌ಎಸ್‌ಎಚ್ ಮೂಲಕ ಹೋಗುವ ಒಂದು ದಾರಿ. ಸರ್ವರ್‌ನಲ್ಲಿ ನೋಟ್‌ಬುಕ್ ಓಡುತ್ತಿರಲಿ. ಲ್ಯಾಪ್‌ಟಾಪಿನಲ್ಲಿ ಇನ್ನೊಂದು ಟರ್ಮಿನಲ್ ತೆರೆದು, ದಿನಾ ಲಾಗಿನ್ ಆಗುವ ಕಮಾಂಡನ್ನೇ ಟೈಪ್ ಮಾಡಿ. ಎಸ್‌ಎಸ್‌ಎಚ್ ಪದದ ಪಕ್ಕದಲ್ಲಿ ಮಾತ್ರ ಒಂದು ಹೈಫನ್, ಅದಕ್ಕಂಟಿದ ಇಂಗ್ಲಿಷಿನ ದೊಡ್ಡ ‘ಎಲ್’, ಒಂದು ಸ್ಪೇಸ್, ಆಮೇಲೆ ‘8888:ಲೋಕಲ್‌ಹೋಸ್ಟ್:8888’ ಸೇರಿಸಿ. ಇದನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯಿರಿ. ಮೊದಲ 8888 ನಿಮ್ಮ ಲ್ಯಾಪ್‌ಟಾಪಿನ ಪೋರ್ಟ್ (ಯಂತ್ರದ ಒಂದು ಬಾಗಿಲಿನ ನಂಬರ್ ಇದ್ದ ಹಾಗೆ), ಕೊನೆಯದು ಸರ್ವರ್‌ನದು. ನಡುವಿನ ಲೋಕಲ್‌ಹೋಸ್ಟ್ ಸರ್ವರ್ ಕಡೆಯಿಂದ ಹೇಳಿದ ಮಾತು. ಜಾಸ್ತಿ ಜನ ಎಡವುವುದು ಇಲ್ಲೇ. ಪಾಸ್‌ವರ್ಡ್ ಕೊಟ್ಟು ಆ ಕಿಟಕಿಯನ್ನು ಹಾಗೇ ಬಿಡಿ. ಈಗ ಅದೇ ಲಿಂಕನ್ನು ಟೋಕನ್ (ಲಿಂಕಿನ ಕೊನೆಯಲ್ಲಿ ಬರುವ ಗುಟ್ಟಿನ ಕೀಲಿ) ಸಮೇತ ಬ್ರೌಸರ್‌ಗೆ ಹಾಕಿ. ತೆರೆಯುತ್ತದೆ.

ನಾನೊಮ್ಮೆ ಇಡೀ ಮಧ್ಯಾಹ್ನ ಒದ್ದಾಡಿದ್ದೇನೆ. ಪುಟ ತೆರೆಯುತ್ತಿತ್ತು, ಆದರೆ ಟೋಕನ್ ಸರಿಯಿಲ್ಲ ಅನ್ನುತ್ತಿತ್ತು. ಕಾರಣ ಇಷ್ಟೇ: ಸರ್ವರ್‌ನಲ್ಲಿ ಬೇರೆ ಯಾರೋ ಆಗಲೇ 8888 ಹಿಡಿದಿದ್ದರು. ಜುಪಿಟರ್ ನನಗೆ 8889 ಕೊಟ್ಟಿತ್ತು. ನನ್ನ ಸುರಂಗ ಅವರ ನೋಟ್‌ಬುಕ್ಕಿನ ಬಾಗಿಲಿಗೆ ಹೋಗಿ ನಿಂತಿತ್ತು. ಹಾಗಾಗಿ ಲಿಂಕಿನಲ್ಲಿರುವ ನಂಬರ್ ನೋಡಿಯೇ ಕಮಾಂಡ್ ಬರೆಯಿರಿ. ಎರಡೂ ಕಡೆ ಒಂದೇ ನಂಬರ್ ಇದ್ದರೆ ಲಿಂಕ್ ತಿದ್ದುವ ಕೆಲಸವೂ ಉಳಿಯುತ್ತದೆ.

ಜುಪಿಟರ್‌ಗೆ 0.0.0.0 ವಿಳಾಸ ಕೊಟ್ಟರೆ ಸುರಂಗವೇ ಬೇಡ ಎಂದು ಕೆಲವರು ಹೇಳಬಹುದು. ದಯವಿಟ್ಟು ಹಾಗೆ ಮಾಡಬೇಡಿ. ಆಗ ನೆಟ್‌ವರ್ಕ್‌ನಲ್ಲಿರುವ ಯಾರು ಬೇಕಾದರೂ ನಿಮ್ಮ ನೋಟ್‌ಬುಕ್ಕಿನ ಬಾಗಿಲು ತಟ್ಟಬಹುದು. ಒಳಗೆ ಬಂದವರು ನಿಮ್ಮ ಹೆಸರಿನಲ್ಲಿ ಯಾವ ಕೋಡ್ ಬೇಕಾದರೂ ಓಡಿಸಬಹುದು, ಫೈಲ್ ಅಳಿಸಬಹುದು. ಸುರಂಗದಲ್ಲಾದರೆ ಎಲ್ಲವೂ ಗೂಢಲಿಪಿಯಲ್ಲಿ ಹೋಗುತ್ತದೆ.

ಲ್ಯಾಪ್‌ಟಾಪ್ ಮುಚ್ಚಿದರೆ ಸುರಂಗ ಕಡಿಯುತ್ತದೆ. ಮಾಮೂಲಿ ಟರ್ಮಿನಲ್‌ನಲ್ಲಿ ಶುರು ಮಾಡಿದ ನೋಟ್‌ಬುಕ್ಕೂ ಅದರ ಜೊತೆಗೇ ನಿಲ್ಲಬಹುದು. ಅದಕ್ಕೇ ಸರ್ವರ್‌ನಲ್ಲಿ ಮೊದಲು ಟೀಮಕ್ಸ್ (ಸಂಪರ್ಕ ಕಡಿದರೂ ಟರ್ಮಿನಲ್ ಓಡುತ್ತಿರುವಂತೆ ಇಡುವ ಪ್ರೋಗ್ರಾಂ) ತೆರೆದು, ಅದರೊಳಗೆ ನೋಟ್‌ಬುಕ್ ಶುರು ಮಾಡಿ. ಮನೆಗೆ ಹೋಗಿ ಸುರಂಗದ ಕಮಾಂಡ್ ಮತ್ತೆ ಕೊಟ್ಟರೆ ಸಾಕು, ಲೆಕ್ಕ ಇನ್ನೂ ಓಡುತ್ತಿರುತ್ತದೆ.