ಶಾಲೆಯ ಮೇಲಿನ ಹಳೇ ಅನುಮಾನ

ಕೆನಡಾದಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವ ಕನ್ನಡಿಗರಿಗೆ ಸೆಪ್ಟೆಂಬರ್ 30 ಗೊತ್ತಿರುತ್ತದೆ. ಆ ದಿನದ ಆಸುಪಾಸಿನಲ್ಲಿ ಮಕ್ಕಳೆಲ್ಲ ಕಿತ್ತಳೆ ಬಣ್ಣದ ಅಂಗಿ ಹಾಕಿಕೊಳ್ಳುತ್ತಾರೆ. ಅದು ಅಲ್ಲಿನ ಮೂಲನಿವಾಸಿ ಮಹಿಳೆ ಫಿಲಿಸ್ ವೆಬ್‌ಸ್ಟಾಡ್ ಅವರ ಅಂಗಿಯ ನೆನಪು. 1973ರಲ್ಲಿ ಆರು ವರ್ಷದ ಅವರಿಗೆ ಅಜ್ಜಿ ಹೊಸ ಅಂಗಿ ಕೊಡಿಸಿದ್ದರು. ಬ್ರಿಟಿಷ್ ಕೊಲಂಬಿಯಾದ ವಸತಿ ಶಾಲೆಗೆ ಕಾಲಿಟ್ಟ ದಿನವೇ ಅದನ್ನು ಬಿಚ್ಚಿಸಿ ಕಿತ್ತುಕೊಂಡರು. ಮತ್ತೆ ಕೊಡಲೇ ಇಲ್ಲ.

ಇಂಥ ವಸತಿ ಶಾಲೆಗಳಿಗೆ ದುಡ್ಡು ಸರ್ಕಾರದ್ದು, ನಡೆಸುತ್ತಿದ್ದುದು ಬಹುಪಾಲು ಚರ್ಚುಗಳು. ಮೂಲನಿವಾಸಿ ಮಕ್ಕಳನ್ನು ಮನೆಯಿಂದ ದೂರ ಇಟ್ಟರೆ ಅವರ ಭಾಷೆ, ನಡೆನುಡಿ ತಾನಾಗೇ ಅಳಿಯುತ್ತದೆ ಎಂಬ ಲೆಕ್ಕಾಚಾರ. 1920ರಲ್ಲಿ ಮಕ್ಕಳನ್ನು ಕಳಿಸಲೇಬೇಕೆಂಬ ಕಾನೂನು ಇನ್ನೂ ಬಿಗಿಯಾಯಿತು. ಒಟ್ಟು ಸುಮಾರು 1,50,000 ಮಕ್ಕಳು ಅಲ್ಲಿಗೆ ಹೋದರು. ಕೂದಲು ಕತ್ತರಿಸುತ್ತಿದ್ದರು. ಹಲವು ಕಡೆ ಹೆಸರಿನ ಬದಲು ನಂಬರ್. ಮನೆಮಾತು ಆಡಿದರೆ ಏಟು. ಮಕ್ಕಳು ಕ್ಷಯದಿಂದ ಸಾಯುತ್ತಿದ್ದಾರೆ ಎಂದು ಸರ್ಕಾರದ್ದೇ ವೈದ್ಯಾಧಿಕಾರಿ ಡಾ. ಪೀಟರ್ ಬ್ರೈಸ್ 1907ರಲ್ಲೇ ವರದಿ ಕೊಟ್ಟಿದ್ದರು. ಸರ್ಕಾರ ಕಿವಿಗೆ ಹಾಕಿಕೊಳ್ಳಲಿಲ್ಲ.

ಕೊನೆಯ ಶಾಲೆಗಳು ಮುಚ್ಚಿದ್ದು 1990ರ ದಶಕದಲ್ಲಿ. ಅಂದರೆ ಇವತ್ತು ತರಗತಿಯಲ್ಲಿ ಕೂತ ಮಗುವಿನ ಅಜ್ಜಿಯೋ ಅಪ್ಪನೋ ಅಲ್ಲಿದ್ದು ಬಂದವರಿರಬಹುದು. ಅವರು ಪೇರೆಂಟ್ಸ್ ಮೀಟಿಂಗಿಗೆ ಬರದಿದ್ದರೆ, ಮಗುವಿನ ಕಾಳಜಿಯೇ ಇಲ್ಲ ಎಂದುಬಿಡುವುದು ಸುಲಭ. ಶಾಲೆಯ ಬಾಗಿಲು ಕಂಡರೇ ಅವರಿಗೆ ಎದೆ ಹೊಡೆದುಕೊಳ್ಳುತ್ತಿರಬಹುದು, ಅಲ್ವಾ?

2008ರಲ್ಲಿ ಪ್ರಧಾನಿ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಈ ಶಾಲೆಗಳಲ್ಲಿ ನಡೆದದ್ದನ್ನು ವಿಚಾರಿಸಲು ನೇಮಿಸಿದ, ಮರ್ರೇ ಸಿಂಕ್ಲೇರ್ ಮುಂದಾಳತ್ವದ ಆಯೋಗ 2015ರಲ್ಲಿ 94 ಶಿಫಾರಸು ಕೊಟ್ಟಿತು. ಶಿಕ್ಷಕರ ತರಬೇತಿಯೂ ಅದರಲ್ಲಿತ್ತು. ಮನಸ್ಸಿನ ಗಾಯ ಅರಿತು ಪಾಠ ಮಾಡುವ ಮಾತು ಆಮೇಲೆ ಜಾಸ್ತಿಯಾಯಿತು. ಅದಕ್ಕೆ ಶಿಕ್ಷಕರು ಮಾಡಬೇಕಾದ ಕೆಲಸ ಮಾತ್ರ ಸಣ್ಣಪುಟ್ಟದ್ದೇ. ಮನೆಯಲ್ಲಿ ಕರೆಯುವ ಹಾಗೇ ಹೆಸರು ಕರೆಯುವುದು. ಎಲ್ಲರೆದುರು ಗದರದಿರುವುದು. ನಾಳೆ ಏನು ನಡೆಯುತ್ತದೆ ಅಂತ ಇವತ್ತೇ ಹೇಳುವುದು. ಮಗು ಸುಮ್ಮನೆ ಕೂತರೆ ಅದನ್ನು ಹಟ ಅನ್ನದಿರುವುದು. ಕಿತ್ತಳೆ ಅಂಗಿಯ ದಿನ "ನಿಮ್ಮ ಅಜ್ಜಿಯ ಕಥೆ ಹೇಳು" ಎಂದು ಎಬ್ಬಿಸಿ ನಿಲ್ಲಿಸುವುದಂತೂ ಬೇಡವೇ ಬೇಡ.

ಭಾರತದಿಂದ ಹೋಗಿ ಅಲ್ಲಿ ಪಾಠ ಮಾಡುವವರು "ನಾವೇನೂ ಮಾಡಿಲ್ಲವಲ್ಲ" ಎನ್ನಬಹುದು. ನಿಜ. ಆದರೆ ಮಗುವಿಗೆ ಕಾಣುವುದು ಟೀಚರ್ ಕುರ್ಚಿ. ಉತ್ತರದ ದೂರದ ಊರುಗಳಲ್ಲಿ ಇನ್ನೊಂದು ತಾಪತ್ರಯ. ಹೊರಗಿನಿಂದ ಬಂದ ಎಷ್ಟೋ ಶಿಕ್ಷಕರು ಒಂದೆರಡು ವರ್ಷಕ್ಕೇ ಹೊರಟುಬಿಡುತ್ತಾರೆ. ಮಗು ಬಾಯಿ ಬಿಡುವ ಹೊತ್ತಿಗೆ ಕುರ್ಚಿಯಲ್ಲಿ ಬೇರೆಯವರು ಕೂತಿರುತ್ತಾರೆ.