ಕೊಟ್ಟ ಅನುಮತಿ ವಾಪಸ್ ಪಡೆಯುವ ಒಗಟು

ಡೇಟಾಬೇಸಿನ ಒಂದು ಟೇಬಲ್ಲಿಗೆ, ಅಂದರೆ ಮಾಹಿತಿಯ ಕೋಷ್ಟಕಕ್ಕೆ, ಅನುಮತಿ ಕೊಡುವುದು ಸುಲಭ. ಗ್ರ್ಯಾಂಟ್ ಅಂತ ಒಂದು ಸಾಲಿನ ಆದೇಶ ಬರೆದರೆ ಮುಗಿಯಿತು. ವಾಪಸ್ ಪಡೆಯಲು ರಿವೋಕ್ ಇದೆ, ಅದೂ ಒಂದೇ ಸಾಲು. ಹಾಗಾಗಿ ರಿವೋಕ್ ಅಂದರೆ ಪಟ್ಟಿಯಿಂದ ಒಂದು ಹೆಸರು ಹೊಡೆದುಹಾಕುವುದು, ಅಷ್ಟೇ ಅಂತ ತುಂಬಾ ಜನ ನಂಬಿದ್ದಾರೆ. ಅದು ತಪ್ಪು. ಆ ತಪ್ಪಿನ ಹಿಂದೆ ನನಗೆ ಬಹಳ ಇಷ್ಟವಾದ ಒಂದು ಒಗಟಿದೆ.

ಗ್ರ್ಯಾಂಟ್ ಜೊತೆ 'ವಿತ್ ಗ್ರ್ಯಾಂಟ್ ಆಪ್ಷನ್' ಸೇರಿಸಿದರೆ, ಪಡೆದವರು ಅದನ್ನು ಬೇರೆಯವರಿಗೂ ಕೊಡಬಹುದು. ಸಂಬಳದ ಟೇಬಲ್ ನಿಮ್ಮದು ಅಂತಿಟ್ಟುಕೊಳ್ಳಿ. ನೀವು ಈ ಆಪ್ಷನ್ ಸಮೇತ ಮ್ಯಾನೇಜರ್‌ಗೆ ಕೊಟ್ಟಿರಿ. ಮ್ಯಾನೇಜರ್ ಹಾಗೆಯೇ ಅಕೌಂಟೆಂಟ್‌ಗೆ ಕೊಟ್ಟರು. ಆಮೇಲೆ ಅಕೌಂಟೆಂಟ್ ಅದನ್ನೇ ಮ್ಯಾನೇಜರ್‌ಗೆ ತಿರುಗಿ ಕೊಟ್ಟರು. ಈಗ ನೀವು ಮ್ಯಾನೇಜರ್‌ಗೆ ಕೊಟ್ಟದ್ದನ್ನು ರಿವೋಕ್ ಮಾಡಿದಿರಿ.

ಸುಮ್ನೆ ಪಟ್ಟಿ ನೋಡಿದರೆ, ಇಬ್ಬರ ಹತ್ತಿರವೂ ಅನುಮತಿ ಇನ್ನೂ ಇದೆ! ಮ್ಯಾನೇಜರ್‌ಗೆ ಅಕೌಂಟೆಂಟ್ ಕೊಟ್ಟದ್ದು, ಅಕೌಂಟೆಂಟ್‌ಗೆ ಮ್ಯಾನೇಜರ್ ಕೊಟ್ಟದ್ದು. ಏನೂ ಇಲ್ಲದ ಇಬ್ಬರು ಒಬ್ಬರಿಗೊಬ್ಬರು ಜಾಮೀನು ನಿಂತ ಹಾಗೆ. ತೂಬು ಮುಚ್ಚಿದ ಮೇಲೂ ಎರಡು ಕಾಲುವೆಗಳು ಒಂದರ ನೀರನ್ನು ಇನ್ನೊಂದಕ್ಕೆ ಹರಿಸುತ್ತಾ ತುಂಬಿಯೇ ಇದ್ದ ಹಾಗೆ. ಹೀಗಾಗಲು ಬಿಡಬಾರದು, ಅಲ್ವಾ?

ಇದನ್ನು ಬಿಡಿಸಿದ್ದು ಐಬಿಎಂನ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿ. ಇಂಥ ಆದೇಶಗಳನ್ನು ಬರೆಯುವ ಎಸ್‌ಕ್ಯೂಎಲ್ ಭಾಷೆ ಹುಟ್ಟಿದ್ದೂ ಅಲ್ಲೇ. ಸಿಸ್ಟಮ್ ಆರ್ ಎಂಬ ಡೇಟಾಬೇಸ್ ಕಟ್ಟುತ್ತಿದ್ದ ಕಾಲವದು. 1976ರಲ್ಲಿ ಪೆಟ್ರಿಷಿಯಾ ಗ್ರಿಫಿತ್ಸ್ ಮತ್ತು ಬ್ರಾಡ್‌ಫೋರ್ಡ್ ವೇಡ್ ಒಂದು ನಿಯಮ ಹೇಳಿದರು: ರಿವೋಕ್ ಆದ ಮೇಲೆ, ಆ ಅನುಮತಿಯನ್ನು ಕೊಟ್ಟೇ ಇರದಿದ್ದರೆ ಹೇಗಿರುತ್ತಿತ್ತೋ ಹಾಗೆಯೇ ಎಲ್ಲವೂ ಇರಬೇಕು. ಉಪಾಯವೂ ಸರಳ. ಪ್ರತಿ ಅನುಮತಿಗೂ ಕೊಟ್ಟ ಹೊತ್ತನ್ನು ಬರೆದಿಡುವುದು. ನೀವು ಕೊಟ್ಟದ್ದು 10ನೇ ನಿಮಿಷಕ್ಕೆ ಅಂತಿಟ್ಟುಕೊಳ್ಳಿ, ಮ್ಯಾನೇಜರ್ ಕೊಟ್ಟದ್ದು 20ಕ್ಕೆ, ಅಕೌಂಟೆಂಟ್ ತಿರುಗಿ ಕೊಟ್ಟದ್ದು 30ಕ್ಕೆ. 10ರದ್ದು ಹೋದರೆ ಮ್ಯಾನೇಜರ್ ಕೈಯಲ್ಲಿ ಉಳಿಯುವುದು 30ರದ್ದು ಮಾತ್ರ. 30ಕ್ಕೆ ಸಿಕ್ಕಿದ್ದನ್ನು 20ಕ್ಕೇ ದಾನ ಮಾಡಲು ಆಗುತ್ತದೆಯೇ? ಇಲ್ಲ. 20ರದ್ದು ಬಿತ್ತು. ಅದರ ಮೇಲೆ ನಿಂತಿದ್ದ 30ರದ್ದೂ ಬಿತ್ತು. ಈ ಲೆಕ್ಕದಲ್ಲೂ ಒಂದು ಸೂಕ್ಷ್ಮ ದೋಷ ಉಳಿದಿತ್ತು. 1978ರಲ್ಲಿ ರೊನಾಲ್ಡ್ ಫೇಗಿನ್ ಅದನ್ನು ತೋರಿಸಿ ಸರಿಪಡಿಸಿದರು.

ಇವತ್ತಿನ ಡೇಟಾಬೇಸ್‌ಗಳು ಎಲ್ಲವೂ ಒಂದೇ ದಾರಿ ಹಿಡಿದಿಲ್ಲ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಇಂಥ ಸುತ್ತು ಬೀಳಲು ಬಿಡುವುದೇ ಇಲ್ಲ. ನಿಮಗೆ ಕೊಟ್ಟವರಿಗೇ ಗ್ರ್ಯಾಂಟ್ ಆಪ್ಷನ್ ತಿರುಗಿ ಕೊಡಲು ಹೋದರೆ ತಡೆಯುತ್ತದೆ. ಕೆಳಗೆ ಬೇರೆಯವರ ಅನುಮತಿ ನೇತಾಡುತ್ತಿದ್ದರೆ, ಕ್ಯಾಸ್ಕೇಡ್ (ಕೆಳಗಿನವನ್ನೂ ತೆಗೆ) ಎಂದು ಬರೆಯದ ಹೊರತು ರಿವೋಕ್ ಆಗುವುದಿಲ್ಲ. ಮೈಎಸ್‌ಕ್ಯೂಎಲ್ ಎಂಬ ಇನ್ನೊಂದು ಡೇಟಾಬೇಸ್‌ನಲ್ಲಿ ಹಾಗಲ್ಲ. ಮ್ಯಾನೇಜರ್ ಅನುಮತಿ ಹೋದರೂ ಅಕೌಂಟೆಂಟ್‌ದು ಹಾಗೇ ಉಳಿಯುತ್ತದೆ. ನನಗೆ ಜಾಸ್ತಿ ಭಯವಾಗುವುದು ಇಲ್ಲೇ. ತೆಗೆದೆವು ಅಂತ ನೆಮ್ಮದಿಯಾಗಿ ಕೂತಿರುತ್ತೇವೆ, ಬಾಗಿಲು ತೆರೆದೇ ಇರುತ್ತದೆ.

ಪೋಸ್ಟ್‌ಗ್ರೆಸ್ ಬಳಸುವವರು ಅದಕ್ಕೆ ಆದೇಶ ಕೊಡುವ ಪಿಎಸ್‌ಕ್ಯೂಎಲ್ ಎಂಬ ಪ್ರೋಗ್ರಾಮಿನಲ್ಲಿ ಬ್ಯಾಕ್‌ಸ್ಲ್ಯಾಶ್ ಹಾಕಿ ಡಿಪಿ (\dp) ಎಂದು ಒಮ್ಮೆ ಟೈಪ್ ಮಾಡಿ ನೋಡಿ, ಅನುಮತಿಗಳ ಪಟ್ಟಿ ಬರುತ್ತದೆ. ಅದರಲ್ಲಿ ಓರೆಗೆರೆಯ ಆಚೆ ಇರುವುದು ಅನುಮತಿ ಕೊಟ್ಟವರ ಹೆಸರು. ಅನುಮತಿಯನ್ನು ಸೂಚಿಸುವ ಅಕ್ಷರದ ಪಕ್ಕ ನಕ್ಷತ್ರ ಕಂಡರೆ, ಪಡೆದವರು ಅದನ್ನು ಇನ್ನೊಬ್ಬರಿಗೆ ಕೊಡಬಲ್ಲರು.